ಐಕ್ಯವೆಂಬ ಮಾತು, ಬಿಷಪ್ ಎಂಬ ಮಾತು: ದಕ್ಷಿಣ ಭಾರತ ಸಭೆಯ ಒಡಂಬಡಿಕೆಯ ವಿಮರ್ಶೆ

ಟಿ. ಎಸ್. ಎಲಿಯಟ್ಟನ ಹೆಸರು ನಮ್ಮ ಕಾಲೇಜಿನ ತರಗತಿಗಳಿಗೆ ಹೊಸದಲ್ಲ. ಸಂಪ್ರದಾಯವನ್ನು ಕುರಿತ ಅವನ ಪ್ರಬಂಧವನ್ನು ಓದದೆ ವಿಮರ್ಶೆಯ ಪತ್ರಿಕೆಯನ್ನು ಬರೆದ ವಿದ್ಯಾರ್ಥಿ ವಿರಳ. ಉಪನಿಷತ್ತಿನ ಶಾಂತಿಪದದಿಂದ ತನ್ನ ಕಾವ್ಯವನ್ನು ಮುಗಿಸಿದ ಕವಿಯೆಂದು ಅವನ ಮೇಲೆ ನಮಗೆ ಒಂದು ಬಗೆಯ ಸಲುಗೆಯೂ ಉಂಟು. ಆದರೆ ಈ ಕವಿಯು 1943ರಲ್ಲಿ, ಮಹಾಯುದ್ಧದ ನಡುವೆ, ದಕ್ಷಿಣ ಭಾರತದ ಕ್ರೈಸ್ತ ಸಭೆಗಳನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದರ ಹೆಸರನ್ನು ಕನ್ನಡದಲ್ಲಿ ‘ವಿನಾಶದ ಮೂಲಕ ಪುನರೈಕ್ಯ’ ಎನ್ನಬಹುದು. ದಕ್ಷಿಣ ಭಾರತದ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪಂಥಗಳು ಕೂಡಿ ಒಂದೇ ಸಭೆಯಾಗಬೇಕೆಂದು ಹೂಡಿದ್ದ ಯೋಜನೆಯನ್ನು ಅವನು ಅಲ್ಲಿ ಕಟುವಾಗಿ ವಿರೋಧಿಸಿದ್ದಾನೆ. ಹೆಸರೇ ಅವನ ನಿಲುವನ್ನು ಸಾರುತ್ತದೆ. ಒಂದಾಗುವುದಕ್ಕಾಗಿ ಇವರು ತಮ್ಮತಮ್ಮ ಸ್ವರೂಪವನ್ನೇ ನಾಶಮಾಡಿಕೊಳ್ಳುತ್ತಿದ್ದಾರೆ, ಒಪ್ಪಿಗೆಯಿಲ್ಲದೆಡೆಯಲ್ಲಿ ಒಪ್ಪಿಗೆಯುಂಟೆಂದು ತೋರುವ ಮಾತುಗಳನ್ನು ಹೊಸೆದಿದ್ದಾರೆ ಎಂಬುದು ಅವನ ಆಕ್ಷೇಪದ ತಿರುಳು.

ನಾವು ಈ ಲೇಖನದಲ್ಲಿ ಆ ಆಕ್ಷೇಪವನ್ನು ಎದುರಿಗಿಟ್ಟುಕೊಂಡು, ಅದನ್ನು ಕನ್ನಡದ ಕಡೆಯಿಂದ ಪರಿಶೀಲಿಸಲು ಬಯಸುತ್ತೇವೆ. ಮತವಿಚಾರದಲ್ಲಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಒಡಂಬಡಿಕೆಯೊಂದರ ಮಾತುಗಳನ್ನು ತೂಗಿ ನೋಡುವುದು ಭಾಷಾಸಾಹಿತ್ಯಗಳ ಅಭ್ಯಾಸಿಗಳಿಗೆ ಸಲ್ಲುವ ಕೆಲಸವೇ ಸರಿ. ಅದಕ್ಕೆ ಮುನ್ನ, ಈ ಐಕ್ಯದೊಳಕ್ಕೆ ಬಂದ ಕನ್ನಡ ಸಭೆಗಳ ಪೈಕಿ ಒಂದರ ಪರಂಪರೆಯನ್ನು ನೋಡುವುದು ಅವಶ್ಯಕ. ಮಂಗಳೂರಿನ ಬಾಸೆಲ್ ಮಿಷನ್ ಸಭೆಯನ್ನೇ ನಾವು ಆರಿಸಿಕೊಂಡಿದ್ದೇವೆ. ಕನ್ನಡ ನುಡಿಗೆ ಅದರ ಋಣ ದೊಡ್ಡದೆಂಬುದು ಒಂದು ಕಾರಣ. ಐಕ್ಯ ಮತ್ತು ನಾಯಕತ್ವ ಎಂಬ ಎರಡು ಪ್ರಶ್ನೆಗಳೂ ಅಲ್ಲಿ ಬಹು ಮೊದಲೇ ಎದ್ದಿದ್ದುವೆಂಬುದು ಇನ್ನೊಂದು ಕಾರಣ.

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಯಿತು. ನಗರವು ಸ್ವಿಸ್ ಸುಧಾರಿತ ಪಂಥದ್ದು. ಅಲ್ಲಿಗೆ ತರಬೇತಿಗೆ ಬಂದ ತರುಣರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ ಅನುಯಾಯಿಗಳು. ಪ್ರಭುಭೋಜನದಲ್ಲಿ ಕ್ರಿಸ್ತನ ಸಾನ್ನಿಧ್ಯವು ಹೇಗಿರುವುದೆಂಬ ಪ್ರಶ್ನೆಯ ಮೇಲೆ ಈ ಎರಡು ಪಂಥಗಳು ಹದಿನಾರನೆಯ ಶತಮಾನದಿಂದಲೂ ಬೇರೆಬೇರೆಯಾಗಿ ನಿಂತಿದ್ದುವು. ಬಾಸೆಲಿನವರು ಆ ಪ್ರಶ್ನೆಯನ್ನು ಬಿಡಿಸಲಿಲ್ಲ, ಎತ್ತಲೂ ಇಲ್ಲ. ಮನಃಪರಿವರ್ತನೆ, ಭಕ್ತಿ, ಬೈಬಲಿನ ವ್ಯಾಸಂಗ, ಕಟ್ಟುನಿಟ್ಟಾದ ನಡತೆ ಇಷ್ಟನ್ನೇ ಮುಂದಿಟ್ಟು ಎರಡು ಪಂಥದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಎಲಿಯಟ್ಟನು ಇದನ್ನು ಕಂಡಿದ್ದರೆ ಇಲ್ಲಿಯೂ ಅದೇ ದೋಷವನ್ನು ಎಣಿಸುತ್ತಿದ್ದನೇನೋ. ಅಂತು 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಾಗ, ಅವರ ಪೆಟ್ಟಿಗೆಯಲ್ಲಿ ಈ ಮೌನವೂ ಒಂದು ಸರಕಾಗಿತ್ತು. ಮಂಗಳೂರಿನ ಸಭೆಯು ಹುಟ್ಟುವಾಗಲೇ ಒಂದು ಐಕ್ಯಸಭೆ. ಆದರೆ ತಾನು ಐಕ್ಯಸಭೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಮುಂದಿನ ಇತಿಹಾಸವನ್ನು ಕನ್ನಡದ ವಿದ್ಯಾರ್ಥಿಗಳು ಸಾಹಿತ್ಯಚರಿತ್ರೆಯ ಭಾಗವಾಗಿ ಬಲ್ಲರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ಬಳಿಕ ನಮ್ಮ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚುಮಾಡಿಸಿದನು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನು ಕ್ರಿಸ್ತನ ಕಥೆಯನ್ನು ಷಟ್ಪದಿಯಲ್ಲಿ ಹಾಡಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದನು, 1894ರಲ್ಲಿ ಅವನ ನಿಘಂಟು ಬಂದಿತು. ಇವೆಲ್ಲ ಸರ್ವವಿದಿತ. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೊಂದು. ಈ ಸಭೆಯು ತನ್ನನ್ನು ಯಾವ ಹೆಸರಿನಿಂದ ಕರೆದುಕೊಂಡಿತು? ತನ್ನ ಮುಂದಾಳುಗಳನ್ನು ಏನೆಂದು ಕರೆಯಿತು?

ಕರಾವಳಿಯ ರೋಮನ್ ಕೆಥೊಲಿಕರಲ್ಲಿ ಪೋರ್ಚುಗೀಸ್ ಮೂಲದ ‘ಇಗರ್ಜಿ’ ಎಂಬ ಮಾತು ರೂಢಿಯಲ್ಲಿದ್ದಿತು. ಪ್ರೊಟೆಸ್ಟಂಟರು ಅದನ್ನು ಹಿಡಿಯಲಿಲ್ಲ. ಕಟ್ಟಡಕ್ಕೆ ‘ದೇವಾಲಯ’ ಎಂದರು. ಅಲ್ಲಿ ಕೂಡುವ ಜನಕ್ಕೆ ‘ಸಭೆ’ ಎಂದರು. ಇದು ಸಾಮಾನ್ಯ ಆಯ್ಕೆಯಲ್ಲ. ಸಭೆಯೆಂದರೆ ಕೂಡಿದ ಜನ. ಅರಸನ ಸಭೆಯಾಗಲಿ ಊರ ಸಭೆಯಾಗಲಿ, ಜನ ಚದುರಿದರೆ ಸಭೆ ಇಲ್ಲ. ಗ್ರೀಕ್ ಮೂಲದ ಪದಕ್ಕೂ ಕರೆಗೆ ಓಗೊಟ್ಟು ಕೂಡಿದ ಜನ ಎಂಬುದೇ ಅರ್ಥವಾಗಿರುವುದರಿಂದ, ಇಂಗ್ಲಿಷಿನ ‘ಚರ್ಚ್’ ಎಂಬ ಪದಕ್ಕಿಂತ ಕನ್ನಡದ ‘ಸಭೆ’ಯೇ ಮೂಲಕ್ಕೆ ಹತ್ತಿರವೆಂದು ನಮ್ಮ ಅಭಿಪ್ರಾಯ. ಸಭೆಯನ್ನು ನಡೆಸುವವನು ‘ಸಭಾಪಾಲಕ’. ಅವನೊಡನೆ ಕುಳಿತು ಸಭೆಯವರ ನಡತೆ, ಬಡವರ ಪೋಷಣೆ, ಜಗಳತಂಟೆಗಳ ಪರಿಹಾರ ಇವುಗಳನ್ನು ನೋಡುವವರು ‘ಹಿರಿಯರು’. ಊರ ಹಿರಿಯರು, ಕುಲದ ಹಿರಿಯರು ಎಂದು ಕೇಳಿ ಬೆಳೆದ ಜನಕ್ಕೆ ಈ ಮಾತಿನಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದಾದುದು ಇಷ್ಟೇ, ಇಲ್ಲಿ ಹಿರಿತನವು ಹುಟ್ಟಿನಿಂದ ಬರುವುದಲ್ಲ. ಬಿಲ್ಲವನೊಬ್ಬನು ಹಿರಿಯನಾಗಿ ಕುಳಿತು ಬ್ರಾಹ್ಮಣ ಕುಲದಿಂದ ಬಂದವನ ನಡತೆಯನ್ನು ವಿಚಾರಿಸಬಹುದೆಂಬುದು ಆ ಕಾಲದ ತುಳುನಾಡಿನಲ್ಲಿ ಅಲ್ಪ ಸಂಗತಿಯಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಎದ್ದ ಕೋಲಾಹಲಕ್ಕೆ ಮತಾಂತರವೊಂದೇ ಕಾರಣವಲ್ಲ. ಸಾರಸ್ವತ ಬ್ರಾಹ್ಮಣರ ಮನೆಯ ಮಗನು ಯಾರ ಪಂಕ್ತಿಯಲ್ಲಿ ಕುಳಿತನೆಂಬುದೂ ಕಾರಣ. ಪಂಥಗಳ ಐಕ್ಯಕ್ಕೆ ಮೊದಲು ಈ ಸಭೆಯು ಎದುರಿಸಬೇಕಾಗಿದ್ದುದು ಪಂಕ್ತಿಯ ಐಕ್ಯವನ್ನು. ಅದರಲ್ಲಿ ಅದು ಪೂರ್ಣವಾಗಿ ಗೆದ್ದಿತೆಂದು ಹೇಳುವ ಧೈರ್ಯ ಇಂದಿಗೂ ಯಾರಿಗೂ ಇರಲಾರದು.

ನಾಯಕತ್ವದ ಪರಂಪರೆಗೆ ಇನ್ನೊಂದು ಮುಖವುಂಟು. ಮತಾಂತರ ಹೊಂದಿದವರಿಗೆ ಮನೆ ಹೋಯಿತು, ಗೇಣಿ ಹೋಯಿತು, ಕಸುಬು ಹೋಯಿತು. ಮಿಷನ್ ನೇಯ್ಗೆಯ ಕಾರ್ಖಾನೆಯನ್ನು ಹಾಕಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಮಂಗಳೂರು ಹಂಚಿನ ಖ್ಯಾತಿಯನ್ನು ನಾವು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಅದರ ಪರಿಣಾಮವಾಗಿ, ಭಾನುವಾರ ಉಪದೇಶ ಮಾಡುವ ಮಿಷನರಿಯ ಬಳಗವೇ ಸೋಮವಾರ ಕೂಲಿ ಕೊಡುವ ಬಳಗವೂ ಆಯಿತು. ಪಾಲಕನು ಧಣಿಯೂ ಆದನು. ಆ ಮಿಷನರಿಯಾದರೋ ಬಾಸೆಲಿನ ಕಮಿಟಿಗೆ ಅಧೀನ. ತನ್ನ ವಿವಾಹಕ್ಕೂ ಅವನು ಕಮಿಟಿಯ ಅನುಮತಿಯನ್ನು ಕಾಯಬೇಕಾಗಿದ್ದಿತು. ಹೀಗೆ ಮೇಲೆ ಕಮಿಟಿ, ನಡುವೆ ಮಿಷನರಿ, ಕೆಳಗೆ ಹಿರಿಯರು ಎಂಬ ಮೂರು ಅಂತಸ್ತುಗಳು ಏರ್ಪಟ್ಟುವು. ಪಂಥದ ಸಿದ್ಧಾಂತದ ಪ್ರಕಾರ ಈ ಸಭೆಗೆ ಬಿಷಪ್ ಇರಲಿಲ್ಲ. ಬಿಷಪನಿಗಿಂತ ಬಲವಾದ ಅಧಿಕಾರವೊಂದು ಮಾತ್ರ ಇದ್ದಿತು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಸರಕಾರವು ಬಂಧಿಸಿ ಹೊರಗಟ್ಟಿದಾಗ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದಾಗ, ಮೇಲಿನ ಎರಡು ಅಂತಸ್ತುಗಳು ಒಮ್ಮೆಲೇ ಕುಸಿದುವು. ಉಳಿದವರು ಸಭಾಪಾಲಕರು ಮತ್ತು ಹಿರಿಯರು. ಸಭೆಯು ನಿಂತಿತು. ಈ ಅನುಭವವನ್ನು ಐಕ್ಯದ ಚರ್ಚೆಯಲ್ಲಿ ಸಾಕಷ್ಟು ಗಣನೆಗೆ ತೆಗೆದುಕೊಳ್ಳಲಿಲ್ಲವೆಂದೇ ನಮಗೆ ತೋರುತ್ತದೆ.

ಇನ್ನು ಐಕ್ಯದ ಯೋಜನೆಗೆ ಬರೋಣ. 1908ರಲ್ಲಿ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದುವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸನು ಬೈಬಲನ್ನು ಕನ್ನಡಕ್ಕೆ ತಂದುದು, ಬೆಂಗಳೂರಿನಲ್ಲಿ ಶಾಸನತಜ್ಞ ಲೂಯಿ ರೈಸರ ತಂದೆ ಬೆಂಜಮಿನ್ ರೈಸನು ದುಡಿದುದು ಲಂಡನ್ ಮಿಷನ್ನಿನ ಪರವಾಗಿ. ಆ ಮಿಷನ್ನಿನ ಸಭೆಗಳದು ಈ ಕಾಂಗ್ರಿಗೇಷನಲ್ ಸಂಪ್ರದಾಯವೇ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಕೂಡಿದರು. ಇಬ್ಬರ ಹೊರತು ಉಳಿದವರೆಲ್ಲರೂ ಭಾರತೀಯರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾಗಿದ್ದ ವೇದನಾಯಕಂ ಸ್ಯಾಮ್ಯುಯೆಲ್ ಅಜರಯ್ಯನವರು ಅವರಲ್ಲಿ ಪ್ರಮುಖರು. ಪಶ್ಚಿಮದ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ನಾವು ಬಾಧ್ಯತೆಯೆಂದು ಹೊರಬೇಕಾಗಿಲ್ಲ, ಬೇರೆಬೇರೆಯಾಗಿದ್ದುಕೊಂಡು ಈ ದೇಶದ ಎದುರಿಗೆ ನಿಲ್ಲುವ ಶಕ್ತಿ ನಮಗಿಲ್ಲ ಎಂಬುದು ಅವರ ಭಾವ. ಮರುವರ್ಷದಿಂದ ಮಾತುಕತೆಗಳು ತೊಡಗಿದುವು. 1929ರಲ್ಲಿ ಯೋಜನೆಯ ಮೊದಲ ಕರಡು ಹೊರಬಿದ್ದಿತು. ತಿದ್ದುಪಡಿಯ ಮೇಲೆ ತಿದ್ದುಪಡಿಯಾಗಿ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆಯು ಘೋಷಿತವಾಯಿತು. ದೇಶ ಸ್ವತಂತ್ರವಾಗಿ ಆರು ವಾರಗಳಾಗಿದ್ದುವು. ಅದು ಎರಡಾಗಿಯೂ ಆರು ವಾರಗಳಾಗಿದ್ದುವು. ಅಜರಯ್ಯನವರು ಆ ದಿನವನ್ನು ಕಾಣಲಿಲ್ಲ. 1945ರ ಜನವರಿ 1ರಂದು ತೀರಿಕೊಂಡಿದ್ದರು.

ಇಪ್ಪತ್ತೆಂಟು ವರ್ಷ ಬೇಕಾದುದೇಕೆ? ಬೈಬಲು, ಎರಡು ಪ್ರಾಚೀನ ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ, ಪ್ರಭುಭೋಜನ ಇವುಗಳಲ್ಲಿ ತೊಡಕು ಹೆಚ್ಚಾಗಿರಲಿಲ್ಲ. ತೊಡಕೆಲ್ಲವೂ ನಾಯಕತ್ವದಲ್ಲಿ. ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಹರಿದು ಬಂದ ಬಿಷಪನ ಪದವಿಯಿಲ್ಲದೆ ಸಭೆಯು ಪೂರ್ಣವಲ್ಲವೆಂದು ಆಂಗ್ಲಿಕನರಲ್ಲಿ ಒಂದು ಪಕ್ಷ. ಹಿರಿಯರ ಮಂಡಲಿಯೇ ಸಾಕೆಂದು ಪ್ರೆಸ್ಬಿಟೇರಿಯನರು. ಕೂಡಿದ ಸಭೆಯೇ ಪರಮಾಧಿಕಾರಿಯೆಂದು ಕಾಂಗ್ರಿಗೇಷನಲಿಸ್ಟರು. ಬಿಷಪನ ಕೈಯಿಂದ ದೀಕ್ಷೆ ಪಡೆಯದ ಮೆಥಡಿಸ್ಟ್ ಬೋಧಕನೊಬ್ಬನನ್ನು ಮತ್ತೊಮ್ಮೆ ದೀಕ್ಷೆ ಪಡೆಯೆಂದು ಹೇಳಿದರೆ, ನಲವತ್ತು ವರ್ಷ ತಾನು ಮಾಡಿದ ಸೇವೆಯೆಲ್ಲವೂ ಹುಸಿಯೆಂದು ಅವನು ಒಪ್ಪಿಕೊಂಡಂತೆ. ಹೇಳದಿದ್ದರೆ ಆಂಗ್ಲಿಕನನು ತನ್ನ ನಂಬಿಕೆಯನ್ನು ಬಿಟ್ಟುಕೊಟ್ಟಂತೆ. ಈ ಇಕ್ಕಟ್ಟಿನಿಂದ ಹೊರಬರಲು ಒಡಂಬಡಿಕೆಯ ಕರ್ತೃಗಳು ಹೂಡಿದ ಉಪಾಯ ಇದು: ಐತಿಹಾಸಿಕವಾದ ಬಿಷಪ್ ಪದವಿಯನ್ನು, ಸಂವಿಧಾನಬದ್ಧವಾದ ರೂಪದಲ್ಲಿ, ಎಲ್ಲರೂ ಅಂಗೀಕರಿಸತಕ್ಕದ್ದು, ಆದರೆ ಆ ಪದವಿಯ ತಾತ್ತ್ವಿಕ ಅರ್ಥವೇನೆಂಬುದರ ಬಗ್ಗೆ ಯಾವ ಒಂದು ವ್ಯಾಖ್ಯಾನವನ್ನೂ ಯಾರ ಮೇಲೂ ಹೇರತಕ್ಕದ್ದಲ್ಲ. ಮುಂದಿನ ದೀಕ್ಷೆಗಳೆಲ್ಲ ಬಿಷಪನ ಕೈಯಿಂದ. ಹಿಂದಿನವರು ಮೂವತ್ತು ವರ್ಷಗಳ ಕಾಲ ಇದ್ದಂತೆಯೇ ಇರತಕ್ಕದ್ದು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಬೋಧಕನನ್ನು ಹೊರಿಸತಕ್ಕದ್ದಲ್ಲ.

ಹೀಗೆ ಪದವನ್ನು ಒಪ್ಪಿ ಅರ್ಥವನ್ನು ತೆರೆದಿಟ್ಟುದೇ ಎಲಿಯಟ್ಟನಿಗೆ ಸಹಿಸದಾಯಿತು. ಪದಗಳ ವಿಷಯದಲ್ಲಿ ಅಷ್ಟು ಎಚ್ಚರಿಕೆಯುಳ್ಳ ಕವಿಗೆ ಇದು ಸಹಿಸದಿರುವುದು ಸಹಜವೇ. ಒಂದೇ ಮಾತನ್ನು ಇಬ್ಬರು ಎರಡು ಅರ್ಥದಲ್ಲಿ ಆಡಿ, ನಾವು ಒಂದೇ ಮಾತನ್ನಾಡಿದೆವೆಂದು ಕೈಕುಲುಕಿದರೆ, ಅದು ಒಪ್ಪಂದವೇ? ಆಕ್ಷೇಪ ಹಗುರವಾದುದಲ್ಲ. 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರೇ ಹೊಸ ಸಭೆಯ ದೀಕ್ಷೆಗಳ ವಿಷಯದಲ್ಲಿ ಒಮ್ಮತಕ್ಕೆ ಬರಲಾರದೆ ಹೋದರು. 1955ರಲ್ಲಷ್ಟೆ ಇಂಗ್ಲೆಂಡಿನ ಸಭೆಯು ಅವುಗಳನ್ನು ಮಾನ್ಯಮಾಡಿತು. ಆಂಧ್ರದ ನಂದ್ಯಾಲ ಸೀಮೆಯ ಅನೇಕ ಆಂಗ್ಲಿಕನ್ ಸಭೆಗಳು 1947ರಲ್ಲಿ ಹೊರಗುಳಿದುವು. (ಮುಂದೆ ಅದೇ ನಂದ್ಯಾಲವು ಒಳಬಂದು, 2013ರಲ್ಲಿ ಈ ಸಭೆಯ ಮೊದಲ ಮಹಿಳಾ ಬಿಷಪರ ಪೀಠವಾದುದು ಚರಿತ್ರೆಯ ಚಮತ್ಕಾರಗಳಲ್ಲೊಂದು.)

ಆದರೆ ಎಲಿಯಟ್ಟನ ಆಕ್ಷೇಪದಲ್ಲಿ ಎರಡು ಎಳೆಗಳು ಹೊಸೆದುಕೊಂಡಿವೆ. ಅವನ್ನು ಬಿಡಿಸಿ ನೋಡಬೇಕು. ಒಂದಾಗಲು ತಮ್ಮನ್ನು ತಾವು ಕಳೆದುಕೊಳ್ಳುತ್ತಾರೆ ಎಂಬುದು ಒಂದು. ನಾಯಕತ್ವದ ಮಾತನ್ನು ಅಸ್ಪಷ್ಟವಾಗಿ ಬಿಟ್ಟರೆಂಬುದು ಇನ್ನೊಂದು. ಮೊದಲನೆಯದನ್ನು ಕನ್ನಡಿಗನು ಕೇಳಿದರೆ ಅದು ದೂಷಣೆಯೆಂದೇ ಅವನಿಗೆ ತೋರಲಾರದು. ಏಕೆಂದರೆ ‘ಐಕ್ಯ’ವೆಂಬ ಮಾತಿಗೆ ನಮ್ಮಲ್ಲಿ ಬೇರೊಂದು ಚರಿತ್ರೆಯಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಅದು ಕಡೆಯದು. ಅಂಗವು ಲಿಂಗದಲ್ಲಿ ಬೆರೆತು ತಾನೆಂಬುದು ಉಳಿಯದ ನಿಲುವು ಅದು. ಹಿರಿಯರೊಬ್ಬರು ತೀರಿಕೊಂಡರೆ ಲಿಂಗೈಕ್ಯರಾದರೆಂದು ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಹೇಳುತ್ತಾರೆ. ಕನ್ನಡದಲ್ಲಿ ಐಕ್ಯಕ್ಕೆ ಸಾವಿನ ಸೋಂಕು ಉಂಟು. ಒಗ್ಗಟ್ಟು ಬೇರೆ, ಒಕ್ಕೂಟ ಬೇರೆ. ಅಲ್ಲಿ ಕೂಡಿದವರು ಕೂಡಿಯೂ ತಾವೇ ಆಗಿ ಉಳಿಯುತ್ತಾರೆ. ಐಕ್ಯದಲ್ಲಿ ಉಳಿಯುವುದಿಲ್ಲ. ಬೈಬಲನ್ನು ಕನ್ನಡಿಸಿದವರು ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಈ ಮಾತನ್ನೇ ಆರಿಸಿಕೊಂಡರು. ತಾವು ಎಂತಹ ಮಾತನ್ನು ಎತ್ತಿಕೊಳ್ಳುತ್ತಿದ್ದೇವೆಂಬುದು ಅವರಿಗೆ ಎಷ್ಟು ತಿಳಿದಿದ್ದಿತೋ, ಮಾತಂತೂ ತನ್ನ ಕೆಲಸವನ್ನು ಮಾಡಿದೆ. ಯೋಜನೆಯ ಚರ್ಚೆಯುದ್ದಕ್ಕೂ ಒಂದು ಕಡೆ ಒಕ್ಕೂಟ ಸಾಕೆನ್ನುವವರು, ಇನ್ನೊಂದು ಕಡೆ ಒಂದೇ ದೇಹವಾಗಬೇಕೆನ್ನುವವರು ಇದ್ದರು. 1947ರಲ್ಲಿ ಮಧುರೆ-ರಾಮನಾಡಿನ ಬಿಷಪನಾದ ಲೆಸ್ಲಿ ನ್ಯೂಬಿಗಿನ್‌ನಂತಹವರು, ಪಂಗಡಗಳು ತಮ್ಮ ಪ್ರತ್ಯೇಕತೆಗೆ ಸಾಯಲು ಸಿದ್ಧವಾಗದೆ ಒಂದಾಗಲಾರವೆಂದು ವಾದಿಸಿದರು. ಎಲಿಯಟ್ಟನು ವಿನಾಶವೆಂದು ಕರೆದುದನ್ನೇ ಇವರು ಬೇಕೆಂದು ಬಯಸಿದ್ದರು.

ಹೋಲಿಕೆಯನ್ನು ಬಹಳ ದೂರ ಎಳೆಯುವುದು ತರವಲ್ಲ. ಶರಣರ ಐಕ್ಯವು ಜೀವಕ್ಕೂ ಪರಶಿವನಿಗೂ ಸಂಬಂಧಿಸಿದ್ದು. ಸಂಸ್ಥೆಗೂ ಸಂಸ್ಥೆಗೂ ಅಲ್ಲ. ಮಠಗಳು ಕೂಡಿ ಒಂದಾದರೆ ಅದನ್ನು ಯಾವ ವಚನಕಾರನೂ ಐಕ್ಯಸ್ಥಲವೆನ್ನುತ್ತಿರಲಿಲ್ಲ. ಇನ್ನೂ ಒಂದು ಭೇದವನ್ನು ಗಮನಿಸಬೇಕು. ಷಟ್‌ಸ್ಥಲದಲ್ಲಿ ಐಕ್ಯ ಕೊನೆಯದು. ಐದು ಮೆಟ್ಟಿಲುಗಳನ್ನು ಹತ್ತಿದವನಿಗೆ ಆರನೆಯದು. ದಕ್ಷಿಣ ಭಾರತ ಸಭೆಯ ಯೋಜನೆಯಲ್ಲಿ ಐಕ್ಯ ಮೊದಲನೆಯದು; ಮೊದಲು ಒಂದಾಗುವುದು, ಬಳಿಕ ಮೂವತ್ತು ವರ್ಷ ಒಟ್ಟಿಗೆ ಬಾಳಿ ಅರ್ಥವನ್ನು ಕಂಡುಕೊಳ್ಳುವುದು. ಈ ಕ್ರಮವಿಪರ್ಯಾಸವನ್ನು ನಾವು ದೋಷವೆನ್ನುವುದಿಲ್ಲ. ವಿವಾಹವಾದ ಬಳಿಕ ಪ್ರೀತಿಸಲು ಕಲಿಯುವ ನಾಡಿನಲ್ಲಿ ಇದು ವಿಚಿತ್ರವೂ ಅಲ್ಲ. 1970ರಲ್ಲಿ ಉತ್ತರ ಭಾರತ ಸಭೆಯು ರೂಪುಗೊಂಡಾಗ, ಅವರು ಬೇರೆ ದಾರಿಯನ್ನು ಹಿಡಿದರು. ಎಲ್ಲ ಪಂಥಗಳ ಬೋಧಕರೂ ಮೊದಲ ದಿನವೇ ಪರಸ್ಪರ ತಲೆಯ ಮೇಲೆ ಕೈಯಿಟ್ಟು ಒಂದೇ ದೀಕ್ಷೆಯವರಾದರು. ಅದು ಹೆಚ್ಚು ಅಚ್ಚುಕಟ್ಟು. ದಕ್ಷಿಣದ ದಾರಿಯಲ್ಲಿ ಹೆಚ್ಚು ನಂಬಿಕೆಯಿತ್ತು.

ಎರಡನೆಯ ಎಳೆಯ ವಿಷಯದಲ್ಲಿ ಮಾತ್ರ ಎಲಿಯಟ್ಟನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಕನ್ನಡವೇ ಇಲ್ಲಿ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಹೊಸ ಒಡಂಬಡಿಕೆಯಲ್ಲಿ ‘ಎಪಿಸ್ಕೊಪೊಸ್’ ಎಂಬ ಗ್ರೀಕ್ ಪದವೇ ಬಿಷಪ್ ಎಂಬುದರ ಮೂಲ. ಮೇಲಿನಿಂದ ನೋಡಿಕೊಳ್ಳುವವನೆಂದು ಅದರ ಅರ್ಥ. ಕನ್ನಡ ಬೈಬಲಿನಲ್ಲಿ ಅದು ‘ಸಭಾಧ್ಯಕ್ಷ’ನೆಂದಾಗಿದೆ. ‘ಪ್ರೆಸ್ಬುತೆರೊಸ್’ ಎಂಬುದು ‘ಹಿರಿಯ’ನೆಂದಾಗಿದೆ. ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಪೌಲನು ಎಫೆಸದ ಹಿರಿಯರನ್ನು ಕರೆಯಿಸಿ, ಅವರನ್ನೇ ಹಿಂಡಿನ ಅಧ್ಯಕ್ಷರೆನ್ನುತ್ತಾನೆ. ತೀತನಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ, ಊರೂರಿನಲ್ಲಿ ಹಿರಿಯರನ್ನು ನೇಮಿಸಬೇಕೆಂದು ತೊಡಗಿದ ಮಾತು ಎರಡು ವಾಕ್ಯಗಳೊಳಗಾಗಿ ಸಭಾಧ್ಯಕ್ಷನು ಹೇಗಿರಬೇಕೆಂಬಲ್ಲಿಗೆ ಜಾರುತ್ತದೆ. ಕನ್ನಡದಲ್ಲಿ ಓದಿದ ಯಾವ ಸಾಮಾನ್ಯ ಸಭಿಕನಿಗೂ ಹಿರಿಯನು ಬೇರೆ, ಅಧ್ಯಕ್ಷನು ಬೇರೆ ಎಂದು ಅಲ್ಲಿ ತೋರದು. ಮೂಲದ ವಿದ್ವಾಂಸರಲ್ಲಿಯೂ ಬಹುಮಂದಿಗೆ ತೋರಿಲ್ಲ. ಆ ಅಧ್ಯಕ್ಷನಿಗೆ ಅದೇ ಭಾಗದಲ್ಲಿ ಕನ್ನಡ ಬೈಬಲು ಕೊಟ್ಟಿರುವ ಇನ್ನೊಂದು ಹೆಸರು ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿದೆ. ದೇವರ ಮನೆವಾರ್ತೆಯವನು ಎಂದು. ಮನೆವಾರ್ತೆಯೆಂದರೆ ಉಗ್ರಾಣದ ಬೀಗದಕೈ, ಅಕ್ಕಿಬೇಳೆಯ ಲೆಕ್ಕ, ಬಂದವರ ಊಟ, ಆಳುಕಾಳುಗಳ ಯೋಗಕ್ಷೇಮ. ಮನೆ ಅವನದಲ್ಲ, ವಾರ್ತೆ ಮಾತ್ರ ಅವನದು. ಜೆಪ್ಪುವಿನ ಧಣಿಯೊಡನೆ ಈ ಚಿತ್ರವನ್ನು ಹೋಲಿಸಿ ನೋಡಿದರೆ ಅಂತರ ಸ್ಪಷ್ಟವಾಗುವುದು.

ಇಷ್ಟು ಸೊಗಸಾದ ಕನ್ನಡ ಮಾತುಗಳು ಕೈಯಲ್ಲಿದ್ದುವು. ಆದರೆ 1947ರಲ್ಲಿ ಮೈಸೂರು ಡಯಾಸಿಸ್ ಏರ್ಪಟ್ಟು ಪಿ. ಗುರುಶಾಂತ ಅವರು ಅದರ ಮೊದಲ ಮುಖ್ಯಸ್ಥರಾದಾಗ, ಕನ್ನಡ ಜನರ ಬಾಯಲ್ಲಿ ನಿಂತ ಮಾತು ‘ಬಿಷಪ್’. ‘ಡಯಾಸಿಸ್’, ‘ಸಿನಡ್’, ‘ಮಾಡರೇಟರ್’ ಎಲ್ಲವೂ ಹಾಗೆಯೇ ಬಂದುವು. ಪರಭಾಷಾಪದಗಳ ಮೇಲೆ ನಮಗೆ ದ್ವೇಷವಿಲ್ಲ. ಕಛೇರಿ, ದಫ್ತರಗಳು ಇಲ್ಲದೆ ನಮ್ಮ ವಿಶ್ವವಿದ್ಯಾನಿಲಯವೂ ನಡೆಯದು. ಇಲ್ಲಿನ ತೊಂದರೆ ಬೇರೆ. ಒಡಂಬಡಿಕೆಯು ಇಂಗ್ಲಿಷಿನಲ್ಲಿ ಬಿಷಪ್ ಪದವಿಯ ಅರ್ಥವನ್ನು ಬೇಕೆಂದೇ ತೆರೆದಿಟ್ಟಿತು. ಕನ್ನಡದಲ್ಲಿ ಪದವನ್ನೇ ಭಾಷಾಂತರಿಸದೆ ಬಿಟ್ಟುದರಿಂದ ಆ ಬಾಗಿಲು ತೆರೆದಿದೆಯೆಂಬುದೇ ಯಾರಿಗೂ ಕಾಣದಾಯಿತು. ‘ಸಭಾಧ್ಯಕ್ಷ’ರೆಂದು ಕರೆದಿದ್ದರೆ, ತಿಮೊಥೆಯನಿಗೆ ಬರೆದ ಪತ್ರದಲ್ಲಿ ಆ ಪದವಿಗೆ ಹೇಳಿರುವ ನಿಯಮಗಳು, ಅಂದರೆ ಹಣದಾಸೆಯಿಲ್ಲದಿರುವುದು, ಜಗಳಗಂಟನಾಗದಿರುವುದು, ಸ್ವಂತ ಮನೆಯನ್ನು ಚೆನ್ನಾಗಿ ನಡೆಸಿರುವುದು ಇವು, ಪ್ರತಿಯೊಂದು ಆಯ್ಕೆಯ ಸಮಯದಲ್ಲೂ ಸಭಿಕನ ಕಿವಿಯಲ್ಲಿ ಮೊಳಗುತ್ತಿದ್ದುವು. ‘ಬಿಷಪ್’ ಎಂದಾಗ ಮೊಳಗುವುದಿಲ್ಲ. ಬದಲಿಗೆ ಏನು ಮೊಳಗುವುದು? ಆಂಗ್ಲರ ಕಾಲದ ದೊರೆತನದ ನೆನಪು. ಮಂಗಳೂರಿನಲ್ಲಾದರೆ ಕಮಿಟಿಯ ಮತ್ತು ಕಾರ್ಖಾನೆಯ ಹಳೆಯ ಧಣಿಯ ನೆನಪು. ತೆರವಾದ ಅರ್ಥದ ಜಾಗಕ್ಕೆ ಬಂದು ಕುಳಿತುದು ಅದು.

ಒಡಂಬಡಿಕೆಯ ಕರ್ತೃಗಳ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅವರು ಮೌನವಾಗಿದ್ದುದು ಪದವಿಯ ತತ್ತ್ವದ ವಿಷಯದಲ್ಲಿ, ಅದರ ಅಧಿಕಾರದ ವಿಷಯದಲ್ಲಲ್ಲ. ಬಿಷಪನು, ಹಿ‌ರಿಯರ ಮಂಡಲಿಯು, ಕೂಡಿದ ಸಭೆಯು ಈ ಮೂರಕ್ಕೂ ಆಡಳಿತದಲ್ಲಿ ತಕ್ಕ ಸ್ಥಾನವಿರಬೇಕೆಂದು ಅವರು ಬರೆದಿಟ್ಟಿದ್ದಾರೆ; ಡಯಾಸಿಸ್ ಮಂಡಲಿಯು ಹೆಸರುಗಳನ್ನು ಆರಿಸಿ ಕಳುಹಿಸುವುದು, ಸಿನಡ್‌ ಅವುಗಳಲ್ಲೊಂದನ್ನು ನಿಶ್ಚಯಿಸುವುದು ಎಂಬ ಏರ್ಪಾಡನ್ನು ಮಾಡಿದ್ದಾರೆ; ಡಯಾಸಿಸಿನ ಹಣಕಾಸಿನ ಮೇಲೆ ಬಿಷಪನಿಗೆ ಪ್ರತ್ಯೇಕವಾದ ಹತೋಟಿಯನ್ನು ಕೊಟ್ಟಿಲ್ಲ. ‘ಸಂವಿಧಾನಬದ್ಧವಾದ ರೂಪದಲ್ಲಿ’ ಎಂಬ ಷರತ್ತಿಗೆ ಇದೇ ಅರ್ಥ. ಮನೆವಾರ್ತೆಯವನ ಚಿತ್ರವು ಈ ಷರತ್ತಿನೊಳಗೆ ಅಡಗಿಯೇ ಇದೆ. ಆದರೆ ಷರತ್ತು ಸಂವಿಧಾನದ ಪುಟದಲ್ಲಿ ಉಳಿಯಿತು, ಪದ ಮಾತ್ರ ಜನರ ನಡುವೆ ಓಡಾಡಿತು. ಈಚಿನ ದಶಕಗಳಲ್ಲಿ ಈ ಸಭೆಯ ಚುನಾವಣೆಗಳೂ ಆಸ್ತಿಪಾಸ್ತಿಗಳೂ ಮತ್ತೆಮತ್ತೆ ನ್ಯಾಯಾಲಯದ ಮೆಟ್ಟಿಲೇರಿರುವುದನ್ನು ಪತ್ರಿಕೆಗಳನ್ನು ಓದುವವರೆಲ್ಲರೂ ಬಲ್ಲರು. ಅದಕ್ಕೆಲ್ಲ ಒಂದು ಪದವೇ ಕಾರಣವೆಂದು ಹೇಳುವಷ್ಟು ನಾವು ಪದಮೋಹಿಗಳಲ್ಲ. ಮಿಷನ್ನುಗಳು ಬಿಟ್ಟುಹೋದ ಭೂಮಿಯ ಬೆಲೆ ಏರಿದುದು ಅದಕ್ಕಿಂತ ದೊಡ್ಡ ಕಾರಣ. ಆದರೂ ಪಂಥಗಳ ಐಕ್ಯವನ್ನು ಮುರಿಯದೆ ಕಾಪಾಡಿಕೊಂಡು ಬಂದ ಸಭೆಯು ನಾಯಕನೆಂದರೆ ಯಾರೆಂಬುದರಲ್ಲಿ ಹೀಗೆ ಎಡವುತ್ತಿರುವಾಗ, ಎಲಿಯಟ್ಟನು ಬೇರೆ ಕಾರಣಕ್ಕಾಗಿಯಾದರೂ ತೋರಿಸಿದ ಬಿರುಕು ಅಲ್ಲಿಯೇ ಇದ್ದಿತೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಬಾಸೆಲ್ ಪರಂಪರೆಯ ಸಭೆಗಳೆಲ್ಲವೂ ಒಂದೇ ದಿನ ಐಕ್ಯದೊಳಕ್ಕೆ ಬರಲಿಲ್ಲ. 1970ರಲ್ಲಿ ಮೈಸೂರು ಡಯಾಸಿಸ್ ಉತ್ತರ, ಮಧ್ಯ, ದಕ್ಷಿಣವೆಂದು ಮೂರಾಗಿ ಒಡೆದಾಗ ಮಂಗಳೂರಿನ ಸಭೆಗಳು ದಕ್ಷಿಣಕ್ಕೆ ಸೇರಿದುವು. ಹಿರಿಯರು ಎಂಬ ಮಾತು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. 1914ರಲ್ಲಿ ಮೇಲಿನವರೆಲ್ಲ ಹೊರಟುಹೋದಾಗ ಸಭೆಯನ್ನು ನಿಲ್ಲಿಸಿಕೊಂಡ ಆ ಹಿರಿಯರು ತಮ್ಮನ್ನು ಏನೆಂದು ತಿಳಿದಿದ್ದರು, ಸಭಾಪಾಲಕರೊಡನೆ ಭಿನ್ನಾಭಿಪ್ರಾಯ ಬಂದಾಗ ಯಾವ ಮಾತುಗಳಲ್ಲಿ ವಾದಿಸಿದರು, ಲೆಕ್ಕವನ್ನು ಯಾರಿಗೆ ಒಪ್ಪಿಸಿದರು ಎಂಬುದನ್ನು ಆ ಕಾಲದ ಕನ್ನಡದಲ್ಲಿಯೇ ಹುಡುಕಬೇಕು. 1965ರಲ್ಲಿ ಬಲ್ಮಠದಲ್ಲಿ ಸ್ಥಾಪಿತವಾದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ದಫ್ತರಖಾನೆಯಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಮುದ್ರಿತ ಕೃತಿಗಳೂ ಕಾಗದಪತ್ರಗಳೂ ಇವೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ಇದುವರೆಗೆ ಅಲ್ಲಿಗೆ ಹೋಗಿರುವುದು ಮೋಗ್ಲಿಂಗ್ ಮತ್ತು ಕಿಟ್ಟೆಲರನ್ನು ಹುಡುಕಿಕೊಂಡು. ಹಿರಿಯರನ್ನು ಹುಡುಕಿಕೊಂಡು ಹೋಗುವವರಿಗೆ ಅಲ್ಲಿ ಬೇರೆಯ ಕೆಲಸವಿದೆ.